ಸಣ್ಣ ಜಾಗದ ಹಳೆಯ ಮನೆ: ಗಡಿಯಿಂದ ಒಳಕ್ಕೆ ನೋಡಿ ಕೊಳ್ಳುವ ಕ್ರಮ

ಮಂಗಳೂರಿನ ಮಣ್ಣಗುಡ್ಡೆ, ಬೋಳಾರ, ಜೆಪ್ಪು, ವೆಲೆನ್ಸಿಯಾದ ಒಳ ಓಣಿಗಳಲ್ಲಿ, ಉಡುಪಿಯ ಕಡಿಯಾಳಿ, ಕುಂಜಿಬೆಟ್ಟು, ತೆಂಕಪೇಟೆಯ ಆಸುಪಾಸಿನಲ್ಲಿ ನಾಲ್ಕೈದು ಸೆಂಟ್ಸ್ (ಎಕರೆಯ ನೂರರಲ್ಲೊಂದು ಭಾಗ ಒಂದು ಸೆಂಟ್) ಜಾಗದ ಹಳೆಯ ಮನೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿರುತ್ತಾರೆ, ಬೀಗ ಹಾಕಿದ ಮನೆಯ ಮಾಡು (ಚಾವಣಿ) ಒಂದೊಂದು ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಕುಸಿಯುತ್ತಿರುತ್ತದೆ. ಕೊಳ್ಳುವವರಿಗೆ ಪೇಟೆಯ ನಡುವೆ ಸ್ವಂತ ನೆಲ, ಸ್ವಂತ ಬಾವಿ, ನಡೆದು ಹೋಗುವಷ್ಟು ಹತ್ತಿರ ಶಾಲೆ ಮತ್ತು ದೇವಸ್ಥಾನ ಸಿಗುತ್ತವೆ. ಅದೇ ಹಣಕ್ಕೆ ಫ್ಲ್ಯಾಟ್ ಕೊಂಡರೆ ನೆಲದಲ್ಲಿ ಅವಿಭಜಿತ ಪಾಲು ಮಾತ್ರ ಬರುತ್ತದೆ. ಊರ ಹೊರಗೆ ಹೊಸ ಮನೆ ಕೊಂಡರೆ ದಿನಕ್ಕೆರಡು ಗಂಟೆ ರಸ್ತೆಯಲ್ಲಿ ಕಳೆಯಬೇಕಾಗುತ್ತದೆ.

ನಾವು ಹನ್ನೊಂದು ವರ್ಷಗಳ ಹಿಂದೆ ಮಂಗಳೂರಿನಲ್ಲಿ ನಾಲ್ಕೂಮುಕ್ಕಾಲು ಸೆಂಟ್ಸ್ ಜಾಗದ ಹೆಂಚಿನ ಮನೆಯೊಂದನ್ನು ಕೊಂಡೆವು. ಫೆಬ್ರವರಿಯಲ್ಲಿ ನೋಡಿ, ಏಪ್ರಿಲಿನಲ್ಲಿ ನೋಂದಣಿ ಮಾಡಿಸಿದೆವು. ಮಾಡು, ಬಾಗಿಲು, ನೆಲ ಎಲ್ಲವನ್ನೂ ಬಡಗಿ ಆಚಾರಿಯೊಬ್ಬರನ್ನು ಕರೆತಂದು ಪರೀಕ್ಷಿಸಿದ್ದೆವು. ಜೂನ್ ಎರಡನೆಯ ವಾರದಲ್ಲಿ ಮೇಲಿನ ಮೂರು ಮನೆಗಳ ನೀರು ನಮ್ಮ ಹಿಂಬದಿಯ ಪಾಗಾರದ (ಆವರಣ ಗೋಡೆಯ) ಬುಡದಿಂದ ಉಕ್ಕಿ ಅಡುಗೆಮನೆಯೊಳಕ್ಕೆ ಬಂತು. ಮಾಡಿನ ಕೊಳೆತ ಪಕ್ಕಾಸುಗಳನ್ನು (ಹೆಂಚು ಹೊರುವ ಓರೆ ಮರಗಳನ್ನು) ಒಂದೇ ತಿಂಗಳಲ್ಲಿ ಬದಲಿಸಿದ ನಮಗೆ ಆ ನೀರಿಗೊಂದು ದಾರಿ ಮಾಡಲು ಎರಡು ವರ್ಷ ಬೇಕಾಯಿತು, ಏಕೆಂದರೆ ಚರಂಡಿಯು ನೆರೆಯವರ ಜಾಗದ ಮೂಲಕವೇ ಹೋಗಬೇಕಿತ್ತು. ಮನೆಯ ದೋಷವನ್ನು ಹಣ ಕೊಟ್ಟು ಸರಿಪಡಿಸಬಹುದು. ಸಣ್ಣ ಜಾಗದ ಗಡಿಯಲ್ಲಿರುವ ದೋಷಕ್ಕೆ ಹಣದ ಜೊತೆಗೆ ಇನ್ನೊಬ್ಬರ ಒಪ್ಪಿಗೆಯೂ ಬೇಕು. ಆದ್ದರಿಂದ ಹೊರಗಿನಿಂದ ಒಳಕ್ಕೆ, ಅಂದರೆ ದಾರಿ, ನೀರು, ಗಡಿ, ಕಾಗದಪತ್ರ, ಕೊನೆಗೆ ಮನೆ ಎಂಬ ಕ್ರಮದಲ್ಲಿ ನೋಡಬೇಕೆಂದು ನಾನು ಹೇಳುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಇದಕ್ಕೆ ತದ್ವಿರುದ್ಧವಾಗಿ ನೋಡುತ್ತಾರೆ.

ಮೊದಲ ಹೆಜ್ಜೆ: ಉಳಿಸುವಿರೋ, ಕೆಡಹುವಿರೋ ಎಂಬುದನ್ನು ತೀರ್ಮಾನಿಸಿ

ಈ ತೀರ್ಮಾನವಿಲ್ಲದೆ ಬೆಲೆಯ ಮಾತಿಗೆ ಕುಳಿತುಕೊಳ್ಳಬಾರದು. ನಮ್ಮ ಕರಾವಳಿಯಲ್ಲಿ ಮಾರುವವರು ಸೆಂಟ್ಸಿಗೆ ಇಷ್ಟು ಎಂದು ಲೆಕ್ಕ ಹಾಕಿ, "ಮನೆಗೆ ನಾವು ಬೆಲೆ ಹಾಕಿಲ್ಲ" ಎನ್ನುತ್ತಾರೆ. ವಾಸಿಸಲು ಕೊಳ್ಳುವವರಿಗೆ ಇದು ಲಾಭದ ಮಾತು. ಕೆಡವಿ ಕಟ್ಟುವವರಿಗೆ ಇದೇ ಮಾತು ದಾರಿ ತಪ್ಪಿಸಬಹುದು, ಏಕೆಂದರೆ ಅವರು ಕೊಳ್ಳುತ್ತಿರುವುದು ಇಡೀ ಜಾಗವನ್ನಾದರೂ ಕಟ್ಟಲು ಸಿಗುವುದು ಅದರ ಒಂದು ಭಾಗ ಮಾತ್ರ.

ಒಂದು ಸೆಂಟ್ ಎಂದರೆ 435.6 ಚದರ ಅಡಿ. ಐದು ಸೆಂಟ್ಸ್ ಎಂದರೆ 2,178 ಚದರ ಅಡಿ. 33 ಅಡಿ ಅಗಲ, 66 ಅಡಿ ಉದ್ದದ ಜಾಗವೆಂದು ಇಟ್ಟುಕೊಳ್ಳೋಣ. ಹಳೆಯ ಮನೆ ಒಂದು ಬದಿಯಲ್ಲಿ ಗಡಿಗೆ ತಾಗಿಯೇ ನಿಂತಿರಬಹುದು, ಏಕೆಂದರೆ ಅದನ್ನು ಕಟ್ಟಿದ ಕಾಲದಲ್ಲಿ ಕೇಳುವವರಿರಲಿಲ್ಲ. ಅದನ್ನು ಕೆಡವಿದ ದಿನವೇ ಇಂದಿನ ಸೆಟ್‌ಬ್ಯಾಕ್ ನಿಯಮಗಳು, ಅಂದರೆ ಗಡಿಯಿಂದ ಇಷ್ಟು ಜಾಗ ಬಿಟ್ಟೇ ಕಟ್ಟಬೇಕೆಂಬ ನಿಯಮಗಳು, ನಿಮಗೆ ಅನ್ವಯವಾಗುತ್ತವೆ. ಲೆಕ್ಕಕ್ಕಾಗಿ ಮುಂದೆ 10 ಅಡಿ, ಉಳಿದ ಮೂರು ಬದಿಗಳಲ್ಲಿ 4 ಅಡಿ ಬಿಡಬೇಕೆಂದು ಹಿಡಿದರೆ ಉಳಿಯುವುದು 25 ಅಡಿ ಅಗಲ, 52 ಅಡಿ ಉದ್ದ, ಅಂದರೆ 1,300 ಚದರ ಅಡಿ. ರಸ್ತೆ ಅಗಲಗೊಳಿಸಲು ಮುಂಭಾಗದಲ್ಲಿ 6 ಅಡಿ ಬಿಟ್ಟುಕೊಡಬೇಕಾದರೆ ಸುಮಾರು 198 ಚದರ ಅಡಿ, ಹತ್ತಿರಹತ್ತಿರ ಅರ್ಧ ಸೆಂಟ್ ಹೋಗುತ್ತದೆ. ಕಟ್ಟಬಹುದಾದ ಭಾಗ 1,150 ಚದರ ಅಡಿಗೆ ಇಳಿಯುತ್ತದೆ. ನಿಜವಾದ ಸೆಟ್‌ಬ್ಯಾಕ್ ಜಾಗದ ಅಳತೆ, ಕಟ್ಟಡದ ಎತ್ತರ ಮತ್ತು ವಲಯವನ್ನು ಅವಲಂಬಿಸಿರುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಪಾಲಿಕೆ ಅಥವಾ ನಗರಸಭೆಯಲ್ಲಿ ನಕ್ಷೆ ಮಂಜೂರು ಮಾಡಿಸಿದ ಅನುಭವವಿರುವ ಸ್ಥಳೀಯ ಎಂಜಿನಿಯರರಿಂದ ಒಂದು ಕಚ್ಚಾ ನಕ್ಷೆ ಬರೆಸಿ. ಅದಕ್ಕೆ ಕೊಡುವ ಶುಲ್ಕ ಈ ವ್ಯವಹಾರದ ಉಳಿದ ಖರ್ಚುಗಳ ಮುಂದೆ ಏನೂ ಅಲ್ಲ.

ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಉದ್ಯಾವರ ಹೊಳೆಗಳ ದಂಡೆಯಲ್ಲಿ ಅಥವಾ ಕಡಲ ಬದಿಯಲ್ಲಿ ಮನೆಯಿದ್ದರೆ ಸಿಆರ್‌ಝಡ್ ನಕ್ಷೆಯನ್ನೂ (ಕರಾವಳಿ ನಿಯಂತ್ರಣ ವಲಯದ ನಕ್ಷೆ) ನೋಡಬೇಕು. ಉಬ್ಬರವಿಳಿತದ ನೀರು ಒಳನುಗ್ಗುವ ಹೊಳೆಯ ಭಾಗಕ್ಕೂ ಈ ನಿಯಮಗಳು ಅನ್ವಯಿಸುತ್ತವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಅಂಥ ಕಡೆ ಹಳೆಯ ಮನೆಯಲ್ಲಿ ವಾಸಿಸಲು ತೊಂದರೆಯಿಲ್ಲದಿದ್ದರೂ ಕೆಡವಿ ಹೊಸದು ಕಟ್ಟಲು ಪ್ರತ್ಯೇಕ ಅನುಮತಿ ಬೇಕಾಗಬಹುದು.

ಎರಡನೆಯ ಹೆಜ್ಜೆ: ದಾರಿಯನ್ನು ಅಳೆಯಿರಿ

ಮುಖ್ಯ ರಸ್ತೆಯಿಂದ ಮನೆಯ ಗೇಟಿನವರೆಗೆ ಟೇಪು ಹಿಡಿದು ನಡೆಯಿರಿ. ಅತ್ಯಂತ ಕಿರಿದಾದ ಜಾಗದ ಅಗಲವೇ ನಿಮ್ಮ ದಾರಿಯ ಅಗಲ. ಉಳಿದ ಕಡೆ ಎಷ್ಟು ಅಗಲವಿದ್ದರೂ ಪ್ರಯೋಜನವಿಲ್ಲ. ಕಲ್ಲು, ಮರಳಿನ ಲಾರಿ ಒಳಗೆ ಬರದಿದ್ದರೆ ಪ್ರತಿಯೊಂದು ಸಾಮಾನನ್ನೂ ಹೊತ್ತು ತರಬೇಕು. ದುರಸ್ತಿಯ ಅಂದಾಜಿನಲ್ಲಿ ಈ ಕೂಲಿಯನ್ನು ಮೇಸ್ತ್ರಿಗಳು ಮೊದಲಿಗೆ ಹೇಳುವುದಿಲ್ಲ. ವಯಸ್ಸಾದವರಿರುವ ಮನೆಗೆ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ನೋಡಿ.

ಅನಂತರ ಆ ದಾರಿ ಯಾರದ್ದು ಎಂದು ಕೇಳಿ. ಅದು ಪಾಲಿಕೆಯ ರಸ್ತೆಯಾಗಿದ್ದರೆ ಚಿಂತೆಯಿಲ್ಲ. ಒಂದು ಕಾಲದಲ್ಲಿ ಒಂದೇ ಕುಟುಂಬದ್ದಾಗಿದ್ದ ದೊಡ್ಡ ಹಿತ್ತಿಲು ಅಣ್ಣತಮ್ಮಂದಿರಲ್ಲಿ ಪಾಲಾಗಿದ್ದರೆ, ಹಿಂದಿನ ಪಾಲಿನವರು ಮುಂದಿನ ಪಾಲಿನವರ ಅಂಗಳ ದಾಟಿಯೇ ಹೋಗುತ್ತಿರುತ್ತಾರೆ. ಸಂಬಂಧಿಕರ ನಡುವೆ ಬಾಯಿಮಾತಿನಲ್ಲಿ ನಡೆದುಬಂದ ಈ ವ್ಯವಸ್ಥೆ ಹೊರಗಿನವರು ಕೊಂಡ ಮರುದಿನವೇ ತಕರಾರಾಗಿ ಮಾರ್ಪಡಬಹುದು. ಪಾಲುಪಟ್ಟಿಯಲ್ಲಾಗಲಿ ಕ್ರಯಪತ್ರದಲ್ಲಾಗಲಿ ದಾರಿಯ ಅಗಲ ಅಡಿಗಳಲ್ಲಿ ನಮೂದಾಗಿರಬೇಕು, ವಾಹನಕ್ಕೂ ಹಕ್ಕಿದೆಯೇ ಎಂಬುದು ಸ್ಪಷ್ಟವಾಗಿರಬೇಕು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ 20 ವರ್ಷ ನಿರಂತರವಾಗಿ, ಬಹಿರಂಗವಾಗಿ, ಹಕ್ಕೆಂಬಂತೆ ಬಳಸಿದ ದಾರಿಗೆ ರಕ್ಷಣೆ ಸಿಗುತ್ತದೆ ಎಂಬುದು ನಿಜ. ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಹೊಣೆ ನಿಮ್ಮದು. ನಡೆದಾಡುವ ಹಕ್ಕು ಸಾಬೀತಾದ ಮಾತ್ರಕ್ಕೆ ಕಾರು ಒಯ್ಯುವ ಹಕ್ಕು ಬಂದಂತಾಗುವುದಿಲ್ಲ.

ಮೂರನೆಯ ಹೆಜ್ಜೆ: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಐದು ಸೆಂಟ್ಸ್ ಎಂದರೆ ಸುಮಾರು 202 ಚದರ ಮೀಟರ್. ನಿಮ್ಮ ಜಾಗದ ಮೇಲೆ ನೇರವಾಗಿ ಬೀಳುವ ನೀರೇ ವರ್ಷಕ್ಕೆ ಏಳು ಲಕ್ಷ ಲೀಟರಿನಷ್ಟಾಗುತ್ತದೆ. ಮೇಲಿನವರ ನೀರು ಬೇರೆ. ದೊಡ್ಡ ಹಿತ್ತಿಲಿದ್ದ ಕಾಲದಲ್ಲಿ ಅದು ತೆಂಗಿನ ಬುಡಗಳಲ್ಲಿ ಇಂಗುತ್ತಿತ್ತು. ಹಿತ್ತಿಲುಗಳು ತುಂಡಾಗಿ ಅಂಗಳಗಳಿಗೆಲ್ಲ ಇಂಟರ್‌ಲಾಕ್ ಹಾಸಿದ ಮೇಲೆ ನೀರಿಗೆ ಇಳಿಜಾರಿನ ಕೊನೆಯ ಮನೆಯೇ ಗತಿ.

ಊರಿನ ಹೆಸರುಗಳು ಮೊದಲ ಸುಳಿವನ್ನು ಕೊಡುತ್ತವೆ. ನಮ್ಮಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಿದ್ದರು: ನೀರು ನಿಲ್ಲುವ ತಗ್ಗು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಪದವು ಎಂದರೆ ಕೆಂಪುಕಲ್ಲಿನ ಬಯಲು ದಿಬ್ಬ. ಕೊಡಿಯಾಲ್‌ಬೈಲ್, ಗುಂಡಿಬೈಲು ಎಂಬ ಹೆಸರುಗಳಲ್ಲೇ ನೆಲದ ಗುಣವಿದೆ. ಆದರೆ ಹೆಸರೊಂದನ್ನೇ ನಂಬಬಾರದು. ಉಡುಪಿಯ ಮಠದಬೆಟ್ಟಿನಲ್ಲಿ "ಬೆಟ್ಟು" ಇದ್ದರೂ ಇಂದ್ರಾಣಿ ಹೊಳೆ ಉಕ್ಕಿದಾಗ ಅಲ್ಲಿಯೂ ನೀರು ನುಗ್ಗುತ್ತದೆ. ಆದ್ದರಿಂದ ನೆರೆಯವರಲ್ಲಿ ನಿರ್ದಿಷ್ಟ ದಿನಾಂಕ ಹಿಡಿದು ಕೇಳಿ. ಮಂಗಳೂರಿನಲ್ಲಾದರೆ 2018ರ ಮೇ 29ರ ಮಳೆಯಲ್ಲಿ, ಉಡುಪಿಯಲ್ಲಾದರೆ 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ, ಜನರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. "ಇಲ್ಲಿ ನೀರು ಬರುತ್ತದೆಯೇ" ಎಂಬ ಸಾಮಾನ್ಯ ಪ್ರಶ್ನೆಗೆ "ಇಲ್ಲಪ್ಪ" ಎಂಬ ಸಾಮಾನ್ಯ ಉತ್ತರವೇ ಬರುತ್ತದೆ.

ಸಾಧ್ಯವಿದ್ದರೆ ಆಟಿಯ ಮಳೆಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ಮಳೆ ಸುರಿಯುತ್ತಿರುವಾಗಲೇ ಒಂದು ಗಂಟೆ ಅಲ್ಲಿ ನಿಲ್ಲಿ. ಬೇಸಿಗೆಯಲ್ಲಿ ನೋಡುವವರು ಪಾಗಾರದ ಬುಡದಲ್ಲಿ ಹಸಿರು ಪಾಚಿಯ ಕಲೆ, ಗೋಡೆಯ ಕೆಳಭಾಗದಲ್ಲಿ ಒಂದೇ ಮಟ್ಟದಲ್ಲಿ ಉದುರಿದ ಗಾರೆ, ಇತ್ತೀಚೆಗಷ್ಟೇ ಸೊಂಟದೆತ್ತರದವರೆಗೆ ಮಾತ್ರ ಬಳಿದ ಬಣ್ಣ, ಹೊಸ್ತಿಲಿನ ಮುಂದೆ ಕಟ್ಟಿದ ಸಣ್ಣ ಸಿಮೆಂಟಿನ ದಿಂಡು ಇವನ್ನು ಹುಡುಕಬೇಕು. ಜಾಗದ ಪಕ್ಕದಲ್ಲಿ ತೋಡು (ಸಣ್ಣ ಹಳ್ಳ) ಇದ್ದರೆ ಅದರ ಕೆಳಗಿನ ಮೋರಿಯವರೆಗೂ ನಡೆದು ಹೋಗಿ. ತೋಡು ಎಷ್ಟೇ ಅಗಲವಿದ್ದರೂ ಮೋರಿ ಕಿರಿದಾಗಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಗುಡ್ಡ ಕಡಿದು ಮಾಡಿದ ಜಾಗವಾಗಿದ್ದರೆ ಹಿಂಬದಿಯ ತಡೆಗೋಡೆ ಹೊಟ್ಟೆ ಬಿಟ್ಟಿದೆಯೇ, ನೀರು ಹೊರಬರುವ ರಂಧ್ರಗಳಿವೆಯೇ, ಆ ಗೋಡೆ ಯಾರಿಗೆ ಸೇರಿದ್ದು ಎಂಬುದನ್ನು ತಿಳಿಯಿರಿ. ಕುಸಿದರೆ ಕಟ್ಟಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಮನೆಯನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ.

ಕುಡಿಯುವ ನೀರಿನ ವಿಷಯ ಸಣ್ಣ ಜಾಗದಲ್ಲಿ ಇನ್ನಷ್ಟು ಸೂಕ್ಷ್ಮವಾದದ್ದು. ಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 50 ಅಡಿ ಅಂತರವಿರಬೇಕೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. 33 ಅಡಿ ಅಗಲ, 66 ಅಡಿ ಉದ್ದದ ಜಾಗದಲ್ಲಿ ಮೂಲೆಯಿಂದ ಮೂಲೆಗೆ ಇರುವುದೇ ಸುಮಾರು 74 ಅಡಿ. ನಿಮ್ಮ ಗುಂಡಿಯನ್ನು ದೂರದ ಮೂಲೆಯಲ್ಲಿಟ್ಟರೂ ಅಕ್ಕಪಕ್ಕದವರ ಗುಂಡಿಗಳು ನಿಮ್ಮ ಬಾವಿಯಿಂದ 50 ಅಡಿಯೊಳಗೆ ಬರುವ ಸಂಭವವೇ ಹೆಚ್ಚು. ಆದ್ದರಿಂದ ಒಳಚರಂಡಿ ಸಂಪರ್ಕವಿದೆಯೇ, ನಿಮ್ಮದಷ್ಟೇ ಅಲ್ಲದೆ ಸುತ್ತಲಿನ ಮನೆಗಳೂ ಅದಕ್ಕೆ ಜೋಡಣೆಯಾಗಿವೆಯೇ ಎಂದು ನೋಡಿ. ಬಾವಿ ನೀರನ್ನು ಮಳೆಗಾಲದಲ್ಲೊಮ್ಮೆ ರೋಗಾಣು ಪರೀಕ್ಷೆಗೂ ಏಪ್ರಿಲ್, ಮೇ ತಿಂಗಳಲ್ಲೊಮ್ಮೆ ಉಪ್ಪಿನಂಶದ ಪರೀಕ್ಷೆಗೂ ಕೊಡಿ. ಮಂಗಳೂರಿಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ನಳ್ಳಿ ನೀರು ಬರುತ್ತದೆ. ಎರಡೂ ಕಡೆ ಕಡು ಬೇಸಿಗೆಯಲ್ಲಿ ಪಾಳಿಯ ಮೇಲೆ ನೀರು ಬಿಟ್ಟ ವರ್ಷಗಳಿವೆ. ಅಂಥ ದಿನಗಳಲ್ಲಿ ಸ್ವಂತ ಬಾವಿಯಿರುವ ಮನೆಯ ಬೆಲೆ ಏನೆಂದು ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಗಡಿಯನ್ನು ಕಣ್ಣಾರೆ ಕಾಣಿರಿ

ಐವತ್ತು ಸೆಂಟ್ಸ್ ತೋಟದಲ್ಲಿ ಕಾಲು ಸೆಂಟ್ ಹೆಚ್ಚುಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ. ನಾಲ್ಕು ಸೆಂಟ್ಸ್ ಜಾಗದಲ್ಲಿ ಅದು ಒಂದು ಕೋಣೆಯಷ್ಟು. ಕ್ರಯಪತ್ರದಲ್ಲಿರುವ ಅಳತೆ, ಪಹಣಿ ಅಥವಾ ಆಸ್ತಿ ದಾಖಲೆಯಲ್ಲಿರುವ ಅಳತೆ, ನೆಲದ ಮೇಲಿರುವ ಅಳತೆ ಈ ಮೂರೂ ಒಂದೇ ಆಗಿರಬೇಕು. ಹಳೆಯ ಮನೆಗಳಲ್ಲಿ ಅವು ಒಂದೇ ಆಗಿರುವುದು ಅಪರೂಪ. ಮಂಗಳೂರಿನ ಹಳೆಯ ಪತ್ರಗಳಲ್ಲಿ ಆರ್.ಎಸ್. (ರೀಸರ್ವೆ) ನಂಬರ್, ಟಿ.ಎಸ್. (ಟೌನ್ ಸರ್ವೆ) ನಂಬರ್ ಎಂದು ಎರಡು ಸರ್ವೆ ಸಂಖ್ಯೆಗಳು ಬರುತ್ತವೆ. ಎರಡೂ ಒಂದೇ ತುಂಡಿಗೆ ಸಂಬಂಧಿಸಿವೆಯೇ ಎಂದು ನಕ್ಷೆಯ ಜೊತೆ ಹೋಲಿಸಬೇಕು. ಸಂದೇಹವಿದ್ದರೆ ಮಾರುವವರಿಂದ ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ಸರ್ವೆಯವರು ಗಡಿ ಗುರುತಿಸುವಾಗ ನೆರೆಯವರೂ ಹಾಜರಿರುವಂತೆ ನೋಡಿಕೊಳ್ಳಿ.

ಗಡಿಯ ಮೇಲೆ ತಲೆಯೆತ್ತಿಯೂ ನೋಡಬೇಕು. ನಿಮ್ಮ ಸೂರಿನ ನೀರು ನೆರೆಯವರ ನೆಲಕ್ಕೆ ಬೀಳುತ್ತದೆಯೇ? ಅವರ ಹಲಸಿನ ಕೊಂಬೆ ನಿಮ್ಮ ಮಾಡಿನ ಮೇಲಿದೆಯೇ? ಪಾಲಾದ ಮನೆಯಾಗಿದ್ದರೆ ನಡುಗೋಡೆ ಇಬ್ಬರಿಗೂ ಸೇರಿದ್ದೇ? ಒಂದೇ ಮಾಡಿನ ಕೆಳಗೆ ಎರಡು ಪಾಲುಗಳಿದ್ದು, ಒಂದು ಬದಿಯವರು ಕೆಡವಿದರೆ ಇನ್ನೊಂದು ಬದಿಯ ಗೋಡೆ ಮಳೆಗೆ ಬತ್ತಲಾಗುತ್ತದೆ. ಅಂಥ ಮನೆಯನ್ನು ಕೊಳ್ಳುವುದಾದರೆ ನಡುಗೋಡೆಯ ಕುರಿತು ಲಿಖಿತ ಒಪ್ಪಂದ ಬೇಕೇ ಬೇಕು.

ಐದನೆಯ ಹೆಜ್ಜೆ: ಕಾಗದಪತ್ರ

ಇಲ್ಲಿ ನಮ್ಮ ಜಿಲ್ಲೆಗಳಿಗೇ ವಿಶಿಷ್ಟವಾದ ಕೆಲವು ತೊಡಕುಗಳಿವೆ. ಬೇರೆ ಊರಿನ ವಕೀಲರು, ಅವರೆಷ್ಟೇ ಅನುಭವಿಗಳಾಗಿದ್ದರೂ, ಇವನ್ನು ಗಮನಿಸದೆ ಹೋಗಬಹುದು.

ಮೊದಲನೆಯದು ಮೂಲಗೇಣಿ. ಹಳೆಯ ಪೇಟೆಯ ಅನೇಕ ಮನೆಗಳ ಕೆಳಗಿನ ನೆಲ ಮೂಲಗೇಣಿಯದ್ದು, ಅಂದರೆ ಮೂಲಿ ಹಕ್ಕು (ನೆಲದ ಒಡೆತನ) ಒಬ್ಬರದ್ದು, ನಿಗದಿತ ಗೇಣಿ ಕೊಟ್ಟು ತಲೆತಲಾಂತರ ಅನುಭವಿಸುವ ಹಕ್ಕು ಇನ್ನೊಬ್ಬರದ್ದು. ಗೇಣಿ ವರ್ಷಕ್ಕೆ ಕೆಲವೇ ರೂಪಾಯಿ ಇರಬಹುದು, ಹಲವು ವರ್ಷಗಳಿಂದ ಯಾರೂ ಕೇಳದೆಯೂ ಇರಬಹುದು. ಆದರೂ ನೀವು ಕೊಳ್ಳುತ್ತಿರುವುದು ಯಾವ ಹಕ್ಕನ್ನು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಮೂಲಗೇಣಿ ಮತ್ತು ಒಳಮೂಲಗೇಣಿದಾರರಿಗೆ (ಮೂಲಗೇಣಿದಾರರಿಂದ ಗೇಣಿಗೆ ಪಡೆದವರಿಗೆ) ಮಾಲೀಕತ್ವ ನೀಡಲೆಂದು 2011ರ ಕರ್ನಾಟಕ ಕಾಯ್ದೆಯೊಂದಿದೆ. ಮಾರುವವರು ಅದರಡಿ ಹಕ್ಕು ಪಡೆದಿದ್ದಾರೆಯೇ, ಇಲ್ಲದಿದ್ದರೆ ಇಂದಿನ ಸ್ಥಿತಿಯಲ್ಲಿ ಪಡೆಯಬಹುದೇ ಎಂದು ವಕೀಲರಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ.

ಎರಡನೆಯದು ಡಿಕ್ಲರೇಶನ್ ಜಾಗ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಕೃಷಿಭೂಮಿಗಳು ಸರ್ಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ (ಇದನ್ನೇ ಡಿಕ್ಲರೇಶನ್ ಎನ್ನುತ್ತಾರೆ) ಸಲ್ಲಿಸಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದರು. ಒಂದು ಕಾಲದ ಗದ್ದೆ ಈಗ ಪೇಟೆಯ ನಡುವಿನ ಐದು ಸೆಂಟ್ಸ್ ಆಗಿದ್ದರೂ ಅದರ ಬೇರು ಮಂಡಳಿಯ ಆದೇಶ ಮತ್ತು ಅಧಿಭೋಗದ ಪ್ರಮಾಣಪತ್ರವಾದ ನಮೂನೆ 10ರಲ್ಲಿರುತ್ತದೆ. ಆ ಆದೇಶ, ಅನಂತರದ ಭೂಪರಿವರ್ತನೆಯ ಆದೇಶ, ಜಾಗ ತುಂಡಾಗಿದ್ದರೆ ಆ ತುಂಡಿನ ಸರ್ವೆ ನಕ್ಷೆಯಾದ 11ಇ ಇವಿಷ್ಟನ್ನೂ ಕೇಳಿ. ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ ಎಲ್ಲರೂ "ನೈನ್ ಇಲೆವೆನ್" ಎನ್ನುವ ನಮೂನೆ 9 ಮತ್ತು 11 ಎಂಬ ಆಸ್ತಿ ದಾಖಲೆಗಳು ಬೇಕು. ನಗರದಲ್ಲಾದರೆ ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತೆ ಬೇಕು. ಊರಂಚಿನ ಮನೆಗಳಲ್ಲಿ ಅಂಗಳದ ಒಂದು ಭಾಗ, ಕೊಟ್ಟಿಗೆ ಅಥವಾ ಬಾವಿ ಕುಮ್ಕಿ ಜಾಗದಲ್ಲಿರುವುದುಂಟು. ಕುಮ್ಕಿ ಸರ್ಕಾರದ ಭೂಮಿ; ಅನುಭವಿಸಿದ್ದಾರೆಂಬ ಕಾರಣಕ್ಕೆ ಅದನ್ನು ಮಾರಲು ಬರುವುದಿಲ್ಲ, ಅದಕ್ಕೆ ಸೆಂಟ್ಸ್ ಲೆಕ್ಕದಲ್ಲಿ ಹಣ ಕೊಡಬಾರದು.

ಮೂರನೆಯದು ಕುಟುಂಬದ ಹಕ್ಕು. ಅಳಿಯಸಂತಾನ ಪದ್ಧತಿಯ ಕುಟುಂಬಗಳ ಹಳೆಯ ಮನೆಯಲ್ಲಿ ಹಕ್ಕು ಹೆಣ್ಣಿನ ಕಡೆಯಿಂದ ಕವರುಗಳಾಗಿ (ಒಬ್ಬೊಬ್ಬ ಹೆಣ್ಣಿನ ಸಂತತಿಯ ಕವಲುಗಳಾಗಿ) ಹರಿದುಬಂದಿರುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತೀರಿಕೊಂಡ ಸದಸ್ಯರ ಪಾಲು ಆ ಕಾಯ್ದೆಯಂತೆ ಅವರ ಹೆಂಡತಿ ಮಕ್ಕಳಿಗೂ ಹೋಗುತ್ತದೆ. ಹೀಗಾಗಿ ಒಂದು ಸಣ್ಣ ಮನೆಗೆ ಹದಿನೈದು, ಇಪ್ಪತ್ತು ಸಹಿಗಳು ಬೇಕಾಗುವುದು ವಿಚಿತ್ರವೇನಲ್ಲ. ವಂಶವೃಕ್ಷವನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಹೆಸರಿನ ಎದುರು ಪಾಲುಪಟ್ಟಿ, ಹಕ್ಕು ಖುಲಾಸೆ ಪತ್ರ, ವೀಲುನಾಮೆ ಅಥವಾ ಖುದ್ದು ಸಹಿ ಇವುಗಳಲ್ಲಿ ಒಂದು ಇದೆಯೇ ಎಂದು ಗುರುತು ಹಾಕುತ್ತಾ ಹೋಗಿ. ಅಪ್ರಾಪ್ತ ವಯಸ್ಕರ ಪಾಲಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಬರುತ್ತದೆ. ಜೊತೆಗೆ, ಜಾಗದಲ್ಲಿ ನಾಗನ ಕಲ್ಲು ಅಥವಾ ದೈವದ ಕೋಣೆ ಇದ್ದರೆ, ತಂಬಿಲಕ್ಕೆ (ಅಲ್ಲಿನ ಪೂಜೆಗೆ) ಯಾರು ಬರುತ್ತಾರೆ, ಅವರಿಗೆ ಒಳಬರುವ ಹಕ್ಕು ಉಳಿಯುತ್ತದೆಯೇ, ಬೇರೆಡೆ ಪ್ರತಿಷ್ಠೆ ಮಾಡುವ ಮಾತಿದ್ದರೆ ಆ ಹೊಣೆ ಯಾರದ್ದು ಎಂಬುದನ್ನು ಕುಟುಂಬದ ಹಿರಿಯರೊಂದಿಗೆ ಕುಳಿತು ಮಾತಾಡಬೇಕು. ನಾಲ್ಕು ಸೆಂಟ್ಸ್‌ನಲ್ಲಿ ನಾಗನ ಸನ್ನಿಧಿಗೆ ಬಿಡಬೇಕಾದ ಜಾಗವೂ ನಿಮ್ಮ ಲೆಕ್ಕದೊಳಗೇ ಬರುತ್ತದೆ.

ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಎನ್ನುವುದು, 2004ರ ನಂತರದ ಅವಧಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದ್ದನ್ನು ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳಿಂದ ತೆಗೆಸಬೇಕು. ಹಳೆಯ ಮನೆಗೆ ಇವೆರಡೂ ಬೇಕು. ಮಾರುವವರು ವಿದೇಶದಲ್ಲಿದ್ದು ಅಧಿಕಾರಪತ್ರದ ಮೂಲಕ ಸಹಿ ಮಾಡಿಸುವುದಾದರೆ, ಅದು ಅಲ್ಲಿನ ಭಾರತೀಯ ದೂತಾವಾಸ ಅಥವಾ ನೋಟರಿಯಂಥ ಅಧಿಕೃತರ ಮುಂದೆ ದೃಢೀಕರಣಗೊಂಡು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಬರೀ ಅಧಿಕಾರಪತ್ರ ಮತ್ತು ಕರಾರಿನ ಆಧಾರದ ಮೇಲೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸಾಲ ಕೊಡುವ ಬ್ಯಾಂಕಿನ ವಕೀಲರು ನೋಡಿದ್ದಾರೆಂದು ಸುಮ್ಮನಾಗಬೇಡಿ. ಅವರು ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂಬುದನ್ನು. ನಿಮ್ಮ ಪರವಾಗಿ ನೋಡುವ ವಕೀಲರು ಬೇರೆಯೇ ಇರಲಿ.

ಆರನೆಯ ಹೆಜ್ಜೆ: ಈಗ ಮನೆಯೊಳಗೆ ಬನ್ನಿ

ಹೆಂಚಿನ ಮನೆಯಾದರೆ ಮಾಡಿನಿಂದ ಆರಂಭಿಸಿ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮನೆಗಳ ಸ್ವರೂಪವನ್ನು ನಿರ್ಧರಿಸಿದ್ದು ಈ ಹೆಂಚುಗಳೇ. ಒಳ್ಳೆಯ ಹೆಂಚು ನೂರು ವರ್ಷ ಬಾಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಡುವುದು ಕೆಳಗಿನ ಮರ. ಪಕ್ಕಾಸುಗಳ ತುದಿ ಗೋಡೆಯ ಮೇಲೆ ಕುಳಿತುಕೊಳ್ಳುವ ಜಾಗ, ಎರಡು ಮಾಡುಗಳು ಕೂಡುವಲ್ಲಿ ನೀರು ಹರಿಯುವ ತಗಡಿನ ಕೆಳಭಾಗ, ಅಡುಗೆಮನೆ ಮತ್ತು ಬಚ್ಚಲಿನ ಮೇಲ್ಭಾಗ ಈ ಮೂರು ಕಡೆ ಏಣಿ ಹಾಕಿ ಹತ್ತಿ, ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒರಲೆ (ಗೆದ್ದಲು) ಹಿಡಿದ ಮರ ಹೊರಗೆ ಬಣ್ಣ ಹಚ್ಚಿಕೊಂಡು ಗಟ್ಟಿಯಾಗಿಯೇ ಕಾಣುತ್ತದೆ, ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ. ರೀಪುಗಳು (ಹೆಂಚು ಕೂರುವ ತೆಳು ಪಟ್ಟಿಗಳು) ಹಾಳಾಗಿದ್ದರೆ ಚಿಂತಿಸಬೇಕಾಗಿಲ್ಲ. ಮುಖ್ಯ ತೊಲೆಯೇ ಬಾಗಿದ್ದರೆ ಇಡೀ ಮಾಡನ್ನು ಬಿಚ್ಚಬೇಕಾಗುತ್ತದೆ; ಆಗ ಮರದ ಬದಲು ಕಬ್ಬಿಣದ ಟ್ರಸ್ ಹಾಕಿ ಅದೇ ಹೆಂಚನ್ನು ಹೊದಿಸುವ ಕ್ರಮವೂ ಇದೆ. ನೂರು ಚದರ ಅಡಿಗೆ ಸುಮಾರು 150 ಹೆಂಚು ಬೇಕು. ಹೆಂಚಿನ ಹಿಂಬದಿಯಲ್ಲಿರುವ ಕಾರ್ಖಾನೆಯ ಅಚ್ಚನ್ನು ಓದಿಟ್ಟುಕೊಳ್ಳಿ: ಒಂದು ಅಚ್ಚಿನ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂಡುವುದಿಲ್ಲ, ಹಲವು ಕಾರ್ಖಾನೆಗಳು ಮುಚ್ಚಿಹೋಗಿರುವುದರಿಂದ ಅದೇ ಅಚ್ಚಿನದ್ದನ್ನು ಕೆಡಹುವ ಮನೆಗಳಿಂದಲೇ ಹುಡುಕಬೇಕಾಗುತ್ತದೆ.

ಕೆಂಪುಕಲ್ಲು ನೆಲದಿಂದ ಕಡಿದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಆದರೆ ನೀರನ್ನು ಹೀರುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ ಮಳೆಗಾಲದಲ್ಲಿ ಕುಡಿದ ತೇವವನ್ನು ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ, ಪುಟ್ಟಿ, ಹೊಳೆಯುವ ಬಣ್ಣ ಹಾಕಿದರೆ ತೇವ ಒಳಗೇ ಉಳಿದು ಗಾರೆಯನ್ನೇ ತಳ್ಳಿ ಉದುರಿಸುತ್ತದೆ. ಮಾರಾಟಕ್ಕೆಂದು ಹೊಸದಾಗಿ ಪುಟ್ಟಿ ಹಚ್ಚಿದ ಗೋಡೆಗಿಂತ ಸುಣ್ಣ ಮಾಸಿದ ಗೋಡೆಯೇ ನನಗೆ ಹೆಚ್ಚು ನಂಬಿಕೆ ಕೊಡುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು ಕೈಬೆರಳು ಹೋಗುವಷ್ಟು ಅಗಲವಾದ ಬಿರುಕು ಕಂಡರೆ ಪಂಚಾಂಗ (ಅಡಿಪಾಯ) ಕುಸಿದಿರುವ ಸಾಧ್ಯತೆಯಿದೆ, ಎಂಜಿನಿಯರರನ್ನು ಕರೆಯಿರಿ.

ಎಪ್ಪತ್ತು, ಎಂಬತ್ತರ ದಶಕದ ತಾರಸಿ ಮನೆಗಳಿಗೆ ಹೆಂಚಿನ ಮನೆಗಿಂತ ಹೆಚ್ಚು ಭಯಪಡಬೇಕೆಂಬುದು ನನ್ನ ಅನುಭವ. ಕಡಲ ಗಾಳಿಯ ಉಪ್ಪು, ಉಪ್ಪುಮರಳು ಬಳಸಿದ ಕಾಂಕ್ರೀಟು, ತೆಳುವಾದ ಹೊದಿಕೆ ಇವುಗಳಿಂದ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬಿನ ಕೆಳಭಾಗವನ್ನು ಸಿಡಿಸುತ್ತದೆ. ಮಾಡಿನಲ್ಲಿ ಒಂದು ಪಕ್ಕಾಸನ್ನು ಬದಲಿಸಿದಂತೆ ಸ್ಲ್ಯಾಬಿನಲ್ಲಿ ಒಂದು ಸರಳನ್ನು ಬದಲಿಸಲಾಗದು. ನಮ್ಮಲ್ಲಿ ತಾರಸಿಯ ಮೇಲೆ ಶೀಟ್ ಹಾಕುವ ರೂಢಿಯಿರುವುದರಿಂದ ಸೋರಿಕೆ ನಿಂತಂತೆ ಕಾಣುತ್ತದೆ. ಶೀಟಿನ ಕೆಳಗಿನ ಸ್ಲ್ಯಾಬಿನ ಸ್ಥಿತಿಯನ್ನು ಸುತ್ತಿಗೆಯಿಂದ ಬಡಿದು ನೋಡಿಯೇ ತಿಳಿಯಬೇಕು. ವೈರಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮರದ ಪಟ್ಟಿಯ ಮೇಲೆ ಓಡುವ ಹಳೆಯ ತಂತಿಯಿದ್ದರೆ ಪೂರ್ತಿ ಬದಲಿಸುವ ಖರ್ಚನ್ನು ಹಿಡಿಯಿರಿ, ಅರ್ಥಿಂಗ್ ಹೊಸದಾಗಿ ಮಾಡಿಸಿ, ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ.

ಏಳನೆಯ ಹೆಜ್ಜೆ: ಎರಡು ಲೆಕ್ಕ ಬರೆಯಿರಿ

ಒಂದು ಹಾಳೆಯಲ್ಲಿ ಉಳಿಸುವ ಲೆಕ್ಕ, ಇನ್ನೊಂದರಲ್ಲಿ ಕೆಡವಿ ಕಟ್ಟುವ ಲೆಕ್ಕ ಇರಲಿ. ಎರಡಕ್ಕೂ ಸಮಾನವಾದದ್ದು ನೋಂದಣಿ ಖರ್ಚು. ಮುದ್ರಾಂಕ ಶುಲ್ಕ 5 ಪ್ರತಿಶತ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6 ಪ್ರತಿಶತ, ನೋಂದಣಿ ಶುಲ್ಕ 2025ರ ಆಗಸ್ಟ್ 31ರಂದು 1 ಪ್ರತಿಶತದಿಂದ 2 ಪ್ರತಿಶತಕ್ಕೆ ಏರಿದೆ. 60 ಲಕ್ಷದ ಮನೆಗೆ ಇವೆರಡೇ 4 ಲಕ್ಷ 56 ಸಾವಿರ ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಅದರ ಮೇಲೆ ಲೆಕ್ಕ ಹಾಕುತ್ತಾರೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು 1 ಪ್ರತಿಶತ ಆದಾಯ ತೆರಿಗೆಯನ್ನು ಕಡಿತಮಾಡಿ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಬೆಲೆ ಎಷ್ಟೇ ಇರಲಿ ಕಡಿತ ಮಾಡಬೇಕು, ಅದರ ದರವೂ ಬಹಳ ಹೆಚ್ಚು. ನಮ್ಮೂರಿನ ಹಳೆಯ ಮನೆಗಳ ವಾರಸುದಾರರಲ್ಲಿ ಅನಿವಾಸಿಗಳು ಇದ್ದೇ ಇರುವುದರಿಂದ ಇದನ್ನು ಲೆಕ್ಕ ಪರಿಶೋಧಕರ ಬಳಿ ಮೊದಲೇ ಕೇಳಿ. ಕಡಿತ ಮಾಡದಿದ್ದರೆ ಹೊಣೆ ಕೊಂಡವರ ಮೇಲೆ ಬೀಳುತ್ತದೆ.

ಉಳಿಸುವ ಹಾಳೆಯಲ್ಲಿ ಮಾಡು, ವೈರಿಂಗ್, ಬಚ್ಚಲು, ಚರಂಡಿಯ ಖರ್ಚಿನ ಜೊತೆಗೆ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ (ಸರಿಸಿ ಮತ್ತೆ ಕೂರಿಸುವ) ಕೂಲಿಯನ್ನೂ ಬರೆಯಿರಿ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಮೇ ತಿಂಗಳಲ್ಲಿ ಅವರು ಕೈಗೆ ಸಿಗುವುದಿಲ್ಲ. ಹಳೆಯ ಹೆಂಚಿನ ಮನೆಗೆ ಬ್ಯಾಂಕುಗಳು ಕಟ್ಟಡದ ಮೌಲ್ಯವನ್ನು ಕಡಿಮೆ ಹಿಡಿಯುವುದರಿಂದ ಕೈಯಿಂದ ಹಾಕಬೇಕಾದ ಹಣ ನೀವು ಎಣಿಸಿದ್ದಕ್ಕಿಂತ ಹೆಚ್ಚಾಗಬಹುದು. ಕೆಡಹುವ ಹಾಳೆಯಲ್ಲಿ ಬಿಟ್ಟುಕೊಡುವ ಜಾಗ, ನಕ್ಷೆ ಮಂಜೂರಾತಿಯ ಶುಲ್ಕ, ಕಟ್ಟುವ ಅವಧಿಯ ಬಾಡಿಗೆ, ಕಿರಿದಾದ ಓಣಿಯ ಹೊರೆ ಕೂಲಿ ಬರಬೇಕು; ಹಳೆಯ ಮರ, ಹೆಂಚು, ಕಲ್ಲು ಮಾರಿ ಬರುವ ಹಣವನ್ನು ಎದುರು ಬದಿಯಲ್ಲಿ ಬರೆಯಿರಿ. ಹಳೆಯ ಮನೆ ಗಡಿಗೆ ತಾಗಿ ನಿಂತಿದ್ದು, ಮರ ಗಟ್ಟಿಯಿದ್ದು, ನೀರಿನ ತೊಂದರೆಯಿಲ್ಲದಿದ್ದರೆ ಉಳಿಸುವುದರಲ್ಲೇ ನಿಮಗೆ ಹೆಚ್ಚು ಮನೆ ಸಿಗುತ್ತದೆ. ನೆಲವೇ ರಸ್ತೆಗಿಂತ ತಗ್ಗಾಗಿದ್ದರೆ ಮಾತ್ರ ನಾನು ಕೆಡಹುವ ಪಕ್ಷ, ಏಕೆಂದರೆ ನಿಂತ ಮನೆಯ ನೆಲವನ್ನು ಎತ್ತರಿಸಲು ಹೋದರೆ ಬಾಗಿಲುಗಳ ಎತ್ತರ ತಗ್ಗುತ್ತದೆ, ಸೂರು ಹಣೆಗೆ ತಾಗುತ್ತದೆ.

ಎಂಟನೆಯ ಹೆಜ್ಜೆ: ಕರಾರು ಮತ್ತು ಕಾಲ

ಕರಾರು ಪತ್ರದಲ್ಲಿ ಬೆಲೆಯನ್ನು ಒಟ್ಟು ಮೊತ್ತವಾಗಿ ಬರೆಯುವ ಬದಲು ಸೆಂಟ್ಸ್ ಲೆಕ್ಕದಲ್ಲಿ, ಸರ್ವೆಯ ಅಳತೆಗೆ ಅನುಗುಣವಾಗಿ ಎಂದು ಬರೆಸಿ. ಅಳತೆ ಕಡಿಮೆ ಬಂದರೆ ಬೆಲೆಯೂ ಇಳಿಯಬೇಕು. ಎಲ್ಲ ವಾರಸುದಾರರ ಸಹಿ, ದಾರಿಯ ಅಗಲ, ಇ-ಖಾತೆ ಇವುಗಳಲ್ಲಿ ಯಾವುದಾದರೂ ಇಷ್ಟು ದಿನದೊಳಗೆ ಸಿಗದಿದ್ದರೆ ಮುಂಗಡ ಹಿಂದಿರುಗಿಸಬೇಕೆಂಬ ಷರತ್ತು ಇರಲಿ. ಬಾಡಿಗೆದಾರರಿದ್ದರೆ ಖಾಲಿ ಮನೆಯ ಬೀಗದ ಕೈ ಸಿಕ್ಕ ಮೇಲೆಯೇ ಕೊನೆಯ ಕಂತು.

ನನ್ನ ಮಟ್ಟಿಗೆ ಒಳ್ಳೆಯ ಕ್ರಮವೆಂದರೆ ಮಳೆಗಾಲದಲ್ಲಿ ಮನೆ ನೋಡುವುದು, ಅಕ್ಟೋಬರಿನಲ್ಲಿ ಕರಾರು ಮಾಡುವುದು, ಸರ್ವೆ ಮತ್ತು ಕಾಗದಪತ್ರಗಳಿಗೆ ಮೂರು ತಿಂಗಳು ಕೊಟ್ಟು ಜನವರಿಯ ವೇಳೆಗೆ ನೋಂದಣಿ ಮುಗಿಸುವುದು. ಕೂಡಲೇ ಖಾತೆ, ಮೆಸ್ಕಾಂ ಮತ್ತು ನೀರಿನ ಸಂಪರ್ಕಗಳನ್ನು ಹೆಸರಿಗೆ ಮಾಡಿಸಿಕೊಂಡು, ಫೆಬ್ರವರಿಯಲ್ಲಿ ಮೊದಲು ಚರಂಡಿಯ ಕೆಲಸ ಮಾಡಿಸಿ, ಮಾರ್ಚ್ ಆರಂಭದಲ್ಲಿ ಮಾಡು ಬಿಚ್ಚಿದರೆ ಮರಕ್ಕೆ ಒರಲೆಯ ಮದ್ದು ಹಚ್ಚಿ ಒಣಗಿಸಲು ಬಿಸಿಲು ಸಿಗುತ್ತದೆ. ಮೇ ತಿಂಗಳ ಮೊದಲ ವಾರದೊಳಗೆ ಹೆಂಚು ಮೇಲಿರಲಿ. ಆ ತಿಂಗಳ ಕೊನೆಗೆ ಬರುವ ಗುಡುಗು ಮಳೆಯಲ್ಲಿ ಎಲ್ಲಿ ಹನಿ ಬೀಳುತ್ತದೆಂದು ಗುರುತು ಹಾಕಿಕೊಂಡು, ಮುಂಗಾರು ಹಿಡಿಯುವ ಮೊದಲು ಅಷ್ಟು ಹೆಂಚುಗಳನ್ನು ಸರಿಸಿ ಕೂರಿಸಲು ಒಂದು ವಾರದ ಬಿಡುವು ಉಳಿಯುತ್ತದೆ.